ಹದಿನೇಳನೆಯ ಕರಡು

ಹೊದಿಕೆಯ ಎರಡು ತುದಿ ಅಕ್ಕನ ಕೈಯಲ್ಲಿ, ಎರಡು ತುದಿ ತಂಗಿಯ ಕೈಯಲ್ಲಿ. ಹಗ್ಗದಿಂದ ಇಳಿಸಿ ಮಡಿಸುತ್ತಿದ್ದ ಒಂಬತ್ತರಲ್ಲಿ ಇದು ಆರನೆಯದು. ಅಕ್ಕ ಹೆರಿಗೆ ಕೇಂದ್ರದ ದಾದಿ. ಅಲ್ಲಿನ ಒಗೆಯುವ ಯಂತ್ರ ಕೆಟ್ಟಾಗಲೆಲ್ಲ ಬಟ್ಟೆಯ ಗಂಟು ಮನೆಗೇ ಬರುತ್ತಿತ್ತು. ತಂಗಿ ಹಣಕಾಸು ಇಲಾಖೆಯ ಬೆರಳಚ್ಚುಗಾರ್ತಿ.

"ಬಿಗಿಯಾಗಿ ಹಿಡಿಯೇ. ನಿಮ್ಮ ಕಚೇರಿ ಕಾಗದದ ಹಾಗೆ ಜೋತುಬಿದ್ದಿದೆ," ಎಂದಳು ಅಕ್ಕ.

ಮಾತು ಚುರುಕ್ಕೆಂದಿತು. ಆ ಕಾಗದಕ್ಕೆ ಹದಿನಾಲ್ಕು ತಿಂಗಳು ತುಂಬಿತ್ತು. ದೂರದ ಒಂದು ದೇಶ ಮೂರು ವರ್ಷದಿಂದ ಇವರ ಸರ್ಕಾರದ ಬಜೆಟ್ಟಿಗೇ ನೆರವು ಕೊಡುತ್ತಿತ್ತು. ಇಂಥ ಸೇತುವೆಗೆ, ಇಂಥ ಶಾಲೆಗೆ ಎಂದಲ್ಲ. ಖಜಾನೆಗೆ ಹಾಕಿ, ಏನು ಬೇಕೋ ನೀವೇ ನೋಡಿಕೊಳ್ಳಿ ಎಂದಿತ್ತು. ಬದಲಿಗೆ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ನೆರವಿನಿಂದ ಏನು ಬದಲಾಯಿತು? ಶುಕ್ರವಾರದೊಳಗೆ ಉತ್ತರ ಹೋಗದಿದ್ದರೆ ಮುಂದಿನ ನೆರವಿಲ್ಲ. ನೆರವು ನಿಂತರೆ ಎರಡು ವರ್ಷದ ಹಿಂದೆ ತುಂಬಿದ ಹುದ್ದೆಗಳಿಗೇ ಮೊದಲ ಕತ್ತರಿ. ಅಕ್ಕನ ಜೊತೆಯ ಎರಡನೆಯ ದಾದಿಯದೂ ಅಂಥದೇ ಹುದ್ದೆ.

ಉತ್ತರದ ಕಾಗದ ನಿಂತದ್ದು ಹೇಳಲು ಏನೂ ಇಲ್ಲದ್ದರಿಂದಲ್ಲ. ಆ ಕಚೇರಿಯಲ್ಲೊಂದು ರೂಢಿಯಿತ್ತು. ಯಾವ ಕಾಗದವೇ ಆಗಲಿ ಮೂವರು ಸಾಹೇಬರನ್ನು ದಾಟಬೇಕು. ಒಬ್ಬೊಬ್ಬರೂ ಏನಾದರೊಂದು ತಿದ್ದಬೇಕು. ತಿದ್ದದವರು ಓದಿಯೇ ಇಲ್ಲ ಎಂದು ಅರ್ಥ. 'ಹೆರಿಗೆಗೆ ಕೇಂದ್ರಗಳಿಗೆ ಬರುವವರು ಇಮ್ಮಡಿಯಾದರು' ಎಂಬ ಸಾಲಿಗೆ ಚಿಕ್ಕ ಸಾಹೇಬರು 'ತಮ್ಮ ನೆರವಿನಿಂದ' ಎಂದು ಸೇರಿಸುವರು. ನಡು ಸಾಹೇಬರು, "ಹಾಗಾದ್ರೆ ನಾವೇನು ನೊಣ ಹೊಡೀತಾ ಕೂತಿದ್ವಾ?" ಎಂದು ಅದನ್ನು ಹೊಡೆದುಹಾಕಿ 'ನಮ್ಮ ಪರಿಶ್ರಮದಿಂದ' ಎಂದು ಬರೆಯುವರು. ದೊಡ್ಡ ಸಾಹೇಬರು, "ಎಲ್ಲಾ ನಮ್ಮಿಂದಲೇ ಆಗಿದ್ರೆ ಅವರು ಮತ್ತೆ ಯಾಕ್ರೀ ಕೊಡ್ತಾರೆ?" ಎಂದು ಅದನ್ನೂ ಹೊಡೆದು ಕೆಳಕ್ಕೆ ಕಳಿಸುವರು. ಹೀಗೆ ಹದಿನಾರು ಕರಡುಗಳಾಗಿದ್ದವು. ಇಂದು ಚಿಕ್ಕ ಸಾಹೇಬರೂ ಸೋತು, "ಆ ಸಾಲು ನೀವೇ ಏನಾದ್ರೂ ಮಾಡಿ ತನ್ನಿ ತಾಯಿ," ಎಂದಿದ್ದರು.

"ನೀನೇ ಹೇಳಕ್ಕ, ನಿಜವಾಗಿ ಯಾರಿಂದ ಆಗಿದ್ದು?"

"ನನಗೇನೇ ಗೊತ್ತು? ಸಂಬಳದ ನೋಟಿಗೆ ಇದು ಅವರದು, ಇದು ನಮ್ಮದು ಅಂತ ಬಣ್ಣ ಬಳಿದಿರ್ತಾರಾ? ಮೊದಲು ನಾನೊಬ್ಬಳೇ ಇದ್ದೆ, ಸಂಜೆ ಆರಕ್ಕೆ ಬೀಗ ಜಡಿದು ಬರ್ತಿದ್ದೆ. ಹೆರಿಗೆ ನೋವು ಗಡಿಯಾರ ನೋಡ್ಕೊಂಡು ಬರುತ್ತಾ? ಇನ್ನೊಬ್ಬ ದಾದಿ ಬಂದ್ಮೇಲೆ ಬಾಗಿಲು ಹಾಕಿಲ್ಲ, ಜನ ಬರ್ತಾರೆ. ಅವಳು ಹೋದ್ರೆ ಮತ್ತೆ ಬೀಗ. ಅಯ್ಯೋ, ತುದಿ ನೆಲಕ್ಕೆ ಬಿತ್ತು ನೋಡೇ!"

ಮರುದಿನ ತಂಗಿ ಹದಿನೇಳನೆಯ ಕರಡಿಗೆ ಕೂತಳು. ಇಮ್ಮಡಿಯಾದ ಸಾಲಿನ ಕೆಳಗೆ ಹೀಗೆ ಟೈಪು ಮಾಡಿದಳು: 'ತಮ್ಮ ಹಣ ನಮ್ಮ ಹಣದಲ್ಲಿ ಬೆರೆತಿದೆ, ಯಾವುದರಿಂದ ಎಷ್ಟಾಯಿತೆಂದು ಬಿಡಿಸಿ ಹೇಳಲಾರೆವು. ನೆರವಿಗೆ ಮೊದಲು ಎರಡನೆಯ ದಾದಿಯ ಹುದ್ದೆಗಳು ಐದು ವರ್ಷ ಖಾಲಿ ಇದ್ದವು. ನೆರವು ಬಂದ ಮರುವರ್ಷ ತುಂಬಿದವು. ಅಂದಿನಿಂದ ಕೇಂದ್ರಗಳ ಬಾಗಿಲು ರಾತ್ರಿಯೂ ತೆರೆದಿದೆ.'

ಆಮೇಲೆ ಬೇಕೆಂದೇ ತಪ್ಪುಗಳನ್ನು ಬಿಟ್ಟಳು, ಕೂತಲ್ಲೇ ಸರಿಮಾಡುವಂಥವು. ಹೋದ ತಿಂಗಳ ತಾರೀಖು ಹಾಕಿದಳು. ಎರಡನೆಯ ಪುಟಕ್ಕೆ ಸಂಖ್ಯೆ ಹಾಕಲಿಲ್ಲ. ದೊಡ್ಡ ಸಾಹೇಬರ ಪದವಿಯನ್ನು ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿ ಕೂರಿಸಿದಳು.

ಚಿಕ್ಕ ಸಾಹೇಬರು ತಾರೀಖು ಹಿಡಿದು, "ಕನಸು ಕಾಣ್ತಿದ್ರಾ?" ಎಂದು ಖುಷಿಯಾಗಿ ತಿದ್ದಿದರು. ನಡು ಸಾಹೇಬರ ಪೆನ್ನು ಮಾತ್ರ ಆ ಸಾಲಿನ ಮೇಲೇ ಇಳಿಯಿತು.

"ಬಿಡಿಸಿ ಹೇಳಲಾರೆವು ಅಂತ ಬರೆದುಬಿಡೋದೇನ್ರೀ?"

"ನೀವು ಹೇಳ್ತೀರಾ ಸಾರ್?"

ಸಾಹೇಬರು ಕೆಮ್ಮಿ ಪುಟ ತಿರುಗಿಸಿದರು. "ಪುಟದ ಸಂಖ್ಯೆ ಎಲ್ಲಿ? ಇಷ್ಟು ವರ್ಷ ಆಯ್ತು, ಇದೂ ನಾನೇ ಹೇಳಿಕೊಡಬೇಕಾ?" ಎಂದು ದಪ್ಪಗೆ ಎರಡು ಬರೆದರು. ದೊಡ್ಡ ಸಾಹೇಬರು ತಮ್ಮ ಪದವಿಯನ್ನು ಹಿಗ್ಗಿಸಲು ಹೇಳಿ, ಹಿಗ್ಗಿದ್ದು ಕಂಡು ತಾವೂ ಹಿಗ್ಗಿ, ಸಹಿ ಹಾಕಿಯೇಬಿಟ್ಟರು.

ಶುಕ್ರವಾರ ಬೆಳಿಗ್ಗೆ ತಂಗಿ ಲಕೋಟೆಯನ್ನು ರವಾನೆ ವಿಭಾಗದ ತಾತನ ಮುಂದಿಟ್ಟಳು. ತಾತ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. "ಎಲ್ಲರೂ ತಿದ್ದಿದ್ರಂತೆ. ನನಗೇನೂ ಉಳಿಸಿಲ್ವೇನಮ್ಮಾ?"

"ನಿಮ್ಮನ್ನ ಮರೀತೀನಾ ತಾತ? ಹಿಂದೆ ನೋಡಿ, ಒಂದು ಮೂಲೆ ಅಂಟಿಸಿಲ್ಲ."

ತಾತ ಗೋಂದು ಸವರಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮೊಹರು ಬಡಿದು, ಲಕೋಟೆಯನ್ನು ಅಂಚೆ ಚೀಲಕ್ಕೆ ಹಾಕಿದ. ಒಂಬತ್ತೂವರೆಯ ಅಂಚೆ ಗಾಡಿ ಚೀಲವನ್ನು ಹೊತ್ತುಕೊಂಡು ಗೇಟು ದಾಟಿತು.