ತುಟಿಯಲ್ಲಿ ಗುಂಡುಸೂಜಿ

"ಸಿಟ್ಟು ಮಾಡ್ಕೊಳ್ಳಿ," ಎಂದರು ಡಾಕ್ಟರು.

"ಯಾರ ಮೇಲೆ?"

"ಯಾರ ಮೇಲಾದ್ರೂ ಸರಿ. ನಂಗೆ ಗೆರೆ ಬಿದ್ರೆ ಸಾಕು."

ಅವನು ಒಳಗೇ ತಡಕಾಡಿದ. ಮೊದಲು ಕೈಗೆ ಸಿಕ್ಕಿದ್ದು ಕಾಲೇಜಿನ ಪ್ರಿನ್ಸಿಪಾಲರ ಸಿಟ್ಟು: ಮೂಗಿನ ಹೊಳ್ಳೆ ಅರಳಿಸಿ, ಗದ್ದವನ್ನು ಎದೆಗಿಳಿಸಿ, ಇಲ್ಲದ ಕನ್ನಡಕದ ಮೇಲಿಂದ ನೋಡುವಂಥದ್ದು. ಒಂದು ಕಾಲಕ್ಕೆ ಈ ಸಿಟ್ಟು ನೋಡಿ ಇಡೀ ಹಾಸ್ಟೆಲ್ಲು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿತ್ತು. ಇಷ್ಟು ವರ್ಷವಾದರೂ ಮಡಿಕೆ ಕೆಡದೆ ಹಾಗೇ ಹೊರಬಂತು.

"ಇದಲ್ಲ. ಬರೀ ಮೂಗು ಕೆಲಸ ಮಾಡ್ತಿದೆ," ಎಂದರು ಡಾಕ್ಟರು. "ಹುಬ್ಬು ಗಂಟು ಹಾಕಿ."

ಕ್ಯಾಂಟೀನಿನ ಯಜಮಾನನದನ್ನು ಹಾಕಿ ನೋಡಿದ. ಅದೂ ಆಗಲಿಲ್ಲ, ಅದರಲ್ಲಿ ಕೆಲಸವೆಲ್ಲ ಮೀಸೆಗೆ. ಇನ್ನು ದಾರಿಯಿಲ್ಲವೆಂದು ಅಪ್ಪನನ್ನು ತೆಗೆದ.

"ಹಾಂ. ಹಾಗೇ ಇರಿ. ಅಲ್ಲಾಡ್ಬೇಡಿ." ಬಿಳಿ ಪೆನ್ಸಿಲು ಹುಬ್ಬುಗಳ ನಡುವೆ ತಣ್ಣಗೆ ಓಡಾಡಿತು. ಒಂದು ಚುಕ್ಕೆ, ಪಕ್ಕಕ್ಕೆ ಇನ್ನೊಂದು, ಹಣೆಗೆ ಅಡ್ಡಲಾಗಿ ಮತ್ತೊಂದಿಷ್ಟು. "ತುಂಬ ಚೆನ್ನಾಗಿ ಬರುತ್ತೆ ನಿಮ್ಗೆ."

ಅವನು ಹಿಗ್ಗಿದ. ಅವರು ಹೊಗಳಿದ್ದು ಇಲ್ಲವಾಗಿಸಬೇಕಾದ್ದನ್ನು ಎಂದು ಹೊಳೆಯುವಷ್ಟರಲ್ಲಿ ಹಿಗ್ಗಿ ಆಗಿತ್ತು.

"ಈಗ ಸಡಿಲ ಬಿಡಿ. ನಿಮ್ಮ ಮುಖ ಹೇಗಿದ್ಯೋ ಹಾಗೆ."

ಇದು ಮಾತ್ರ ಪಠ್ಯದಲ್ಲಿ ಇಲ್ಲದ ಪ್ರಶ್ನೆ. ಹೇಗಿದೆಯೋ ಹಾಗೆ ಎಂದರೆ ಹೇಗೆ? ಪ್ರಿನ್ಸಿಪಾಲರನ್ನು ಇಳಿಸಿದ, ಯಜಮಾನನನ್ನು ಇಳಿಸಿದ, ಅಪ್ಪನನ್ನೂ ಇಳಿಸಿದ. ಉಳಿದದ್ದನ್ನು ಡಾಕ್ಟರ ಮುಂದೆ ಹಿಡಿದ.

"ಇನ್ನೂ ಬಿಟ್ಟಿಲ್ಲ ನೀವು."

"ಬಿಟ್ಟಿದೀನಲ್ಲ."

"ಇಲ್ಲ, ಅದೇ ಇದೆ." ಅವರು ಪೆನ್ಸಿಲಿಗೆ ಮುಚ್ಚಳ ಹಾಕಿದರು. "ಇರ್ಲಿ ಬಿಡಿ. ಅದಕ್ಕೇ ಅಲ್ವಾ ಬಂದಿರೋದು."

ಡಾಕ್ಟರ ಮುಖ ಗಾಜಿನ ಹಾಗೆ ನಯವಾಗಿತ್ತು. ಎದುರಿಗೆ ಬಂದವರನ್ನು ಅಳೆದು, ಮನೆಗೆ ಹೋಗಿ ಅವರ ನಕಲು ಮಾಡಿ ತೋರಿಸುವುದು ಅವನ ಹಳೆಯ ಚಾಳಿ. ಬಂದಾಗಿನಿಂದ ಇವರನ್ನು ಹಿಡಿಯಲು ನೋಡುತ್ತಿದ್ದ. ಹಿಡಿಯೋಣವೆಂದರೆ ಆ ಮುಖಕ್ಕೆ ಹಿಡಿಕೆಯೇ ಇರಲಿಲ್ಲ.

ಹಣೆಯ ಗೆರೆ ಅಳಿಸುವ ಈ ಇಂಜೆಕ್ಷನ್ನಿಗೆ ಬಂದದ್ದು ಆಫೀಸಿನ ದೆಸೆಯಿಂದ. ಅವನು ಒಂದು ವಿಮಾ ಕಂಪನಿಯಲ್ಲಿ ಹೊಸಬರಿಗೆ ತರಬೇತಿ ಕೊಡುವವನು. ಗಿರಾಕಿಯ ಮನೆಯಲ್ಲಿ ಕೂತು, ಅವನ ಸಾವಿನ ವಿಷಯವನ್ನು ಅವನ ಹೆಂಡತಿಯ ಎದುರಿಗೇ ನಗುನಗುತ್ತ ಎತ್ತುವುದು ಹೇಗೆಂದು ಕಲಿಸುತ್ತ ತಲೆ ನರೆತಿತ್ತು. ಅನುಮಾನದ ಗಿರಾಕಿ, ಅವಸರದ ಗಿರಾಕಿ, ಮನೆಯವರನ್ನು ಕೇಳಬೇಕು ಎನ್ನುವ ಗಿರಾಕಿ, ಎಲ್ಲರನ್ನೂ ತಾನೇ ಮಾಡಿ ತೋರಿಸುತ್ತಿದ್ದ. ಈಗ ಪಾಠಗಳನ್ನೆಲ್ಲ ವಿಡಿಯೋ ಮಾಡಿಟ್ಟುಬಿಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಮಾದರಿಗೆಂದು ತೆಗೆದ ತುಣುಕನ್ನು ನೋಡಿ ವಿಭಾಗದ ಮುಖ್ಯಸ್ಥ, ಅವನ ಕೈಯಲ್ಲೇ ತಯಾರಾದವನು, ಬಹಳ ಹೊತ್ತು ಪೆನ್ನು ತಿರುಗಿಸಿದ.

"ಸರ್, ತಪ್ಪು ತಿಳ್ಕೋಬೇಡಿ. ನೀವು ಸುಮ್ನಿದ್ರೂ ಬೈತಿರೋ ಹಾಗೆ ಕಾಣ್ತೀರಿ."

"ಬೈತಿಲ್ಲ."

"ನಂಗೊತ್ತು ಸರ್. ಕ್ಯಾಮೆರಾಗೆ ಗೊತ್ತಿಲ್ವಲ್ಲ. ಬೇಕಿದ್ರೆ ಹೀಗ್ ಮಾಡೋಣ, ಧ್ವನಿ ನಿಮ್ದೇ ಇರ್ಲಿ. ಮುಖ ಯಾರಾದ್ರೂ ಹುಡುಗ್ರದ್ದು ಹಾಕೋಣ."

ಆಯಸ್ಸಿಡೀ ತನ್ನ ಮುಖಕ್ಕೆ ಊರವರ ಧ್ವನಿ ಅಂಟಿಸಿಕೊಂಡು ಬದುಕಿದವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದ. ಎಂದಮೇಲೆ ಗೊತ್ತಾಯಿತು, ಅದು ಅನುಮಾನದ ಗಿರಾಕಿಯ ಧ್ವನಿ.

ಹೆಂಡತಿ ಹೆಚ್ಚು ಮಾತಾಡಲಿಲ್ಲ. ಮುಖಕ್ಕೆ ಇಸ್ತ್ರಿ ಹಾಕಿಸಿಕೊಂಡು ಬನ್ನಿ, ಬೇಡ ಅಂದವರು ಯಾರು ಎಂದಳು. ಹಣೆಬರಹದ ಜೋಕನ್ನೂ ಅವನಿಗಿಂತ ಮೊದಲೇ ಮಾಡಿ ಮುಗಿಸಿ, ಪೇಪರು ತಿರುವಿದಳು. ಅವಳಿಗೆ ಅವನ ಯಾವ ಮುಖದ ಮೇಲೂ ಹಟವಿರಲಿಲ್ಲ. ಮದುವೆಗೆ ಮುಂಚೆ, ಲೈಬ್ರರಿಯ ಮೆಟ್ಟಿಲ ಮೇಲೆ ಅವನು ಅವಳನ್ನು ಕೇಳಿದ್ದು ಪ್ರಿನ್ಸಿಪಾಲರ ಧ್ವನಿಯಲ್ಲಿ. ಒಲ್ಲೆ ಎಂದರೆ ಮುಖಭಂಗ ಪ್ರಿನ್ಸಿಪಾಲರಿಗೆ ಎಂಬ ಲೆಕ್ಕಾಚಾರ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು 'ಆಗ್ಲಿ ಸರ್' ಎಂದಿದ್ದಳು. ಆ ಒಪ್ಪಿಗೆ ಯಾರಿಗೆ ಸಂದಿತೆಂದು ಆಮೇಲೆ ಇಬ್ಬರೂ ವಿಚಾರಿಸಲು ಹೋಗಿರಲಿಲ್ಲ.

ನರ್ಸು ಹಣೆಯ ತುಂಬ ಮುಲಾಮು ಸವರಿದಳು. ಜೋಮು ಹಿಡಿಯಬೇಕು, ಅಲ್ಲಿಯವರೆಗೆ ಹೊರಗೆ ಕೂತಿರಿ, ಗುರುತು ಅಳಿಸುವುದಿಲ್ಲ ಆದರೂ ಮುಟ್ಟಬೇಡಿ ಎಂದಳು. ಕಾಯುವ ಕೋಣೆಯಲ್ಲಿ ಒಂದೂ ಕನ್ನಡಿ ಇರಲಿಲ್ಲ. ಜಾಣರು.

ಬೆರಳು ತಾನಾಗಿ ಹಣೆಗೆ ತಾಗಿ, ನೆನಪಾಗಿ ಹಿಂದೆ ಬಂತು. ತುದಿಗೆ ಒಂಚೂರು ಬಿಳಿ. ಮೂಸಿದ. ವಾಸನೆ ಇರಲಿಲ್ಲ. ಇರಬೇಕಿತ್ತು ಎಂದು ಯಾಕೆ ಅನ್ನಿಸಿತೋ.

ಅಪ್ಪನ ಬೆರಳಿಗೆ ಸೀಮೆಸುಣ್ಣದ ವಾಸನೆ. ಅಪ್ಪ ದರ್ಜಿ. ಅಂಗಡಿಯೆಂದರೆ ಬೀದಿಗೆ ತೆರೆದುಕೊಂಡ ಒಂದೇ ಕೋಣೆ: ಒಂದು ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಮೇಜಿನ ಮೇಲೆ ತಂತಿಯಲ್ಲಿ ಇಳಿಬಿಟ್ಟ ದೀಪ, ಗೋಡೆಗೆ ಹೆಗಲ ಮಟ್ಟದ ಕನ್ನಡಿ. ಅದರಲ್ಲಿ ಗಿರಾಕಿಗಳಿಗೆ ತಮ್ಮ ಅಂಗಿ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಬಟ್ಟೆಯ ಮೇಲೆ ಚಪ್ಪಟೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ, ಗಿರಾಕಿಯ ಮೈಮೇಲೆ ಬಟ್ಟೆ ಕೂರಿಸುವಾಗ, ಅಪ್ಪನ ತುಟಿಯ ತುಂಬ ಗುಂಡುಸೂಜಿ. ಬೆಳಗಿನಿಂದ ದೀಪ ಹತ್ತುವವರೆಗೂ ಬಾಯಿ ಹೀಗೆ ಕೆಲಸದಲ್ಲಿರುತ್ತಿದ್ದರಿಂದ ಅಪ್ಪ ಮಾತಾಡುತ್ತಿದ್ದುದೆಲ್ಲ ಹಣೆಯಲ್ಲಿ.

ಹುಬ್ಬೆರಡೂ ಮೇಲೆದ್ದರೆ ಹೂಂ. ನಡುವೆ ಗಂಟು ಬಿದ್ದು ಎರಡು ಗೆರೆ ನಿಂತರೆ ಊಹೂಂ. ಎಡಗಡೆಯದೊಂದೇ ಎದ್ದರೆ ಕತ್ತರಿ ಎಲ್ಲಿ. ಅವನಿಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕ ಅಂಗಡಿಯ ದುಭಾಷಿ. ಈ ವಾರ ಆಗುತ್ತದೆಯೇ ಎಂದು ಗಿರಾಕಿ ಕೇಳಿದರೆ ಅಪ್ಪನ ಹಣೆ ಓದಿ, 'ಆಗಲ್ಲಂತೆ, ಮುಂದಿನ ವಾರವಂತೆ' ಎನ್ನುತ್ತಿದ್ದಳು. ಹಣೆಯಲ್ಲಿಲ್ಲದ್ದನ್ನೂ ಒಂದೊಂದು ಸಲ ಸೇರಿಸುತ್ತಿದ್ದಳು: 'ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಗುಂಡಿ ಹಾಕಕ್ಕಾಗಲ್ಲಂತೆ.' ಆಗ ಅಪ್ಪನ ಹುಬ್ಬು ಗಂಟು ಬೀಳುತ್ತಿತ್ತು. ಮಕ್ಕಳಿಬ್ಬರೂ ಉಸಿರು ಹಿಡಿದು ಕಾಯುವುದು ಅಲ್ಲೇ. ಅಪ್ಪನ ಊಹೂಂ ಕೂಡ ಹಾಗೇ ಶುರುವಾಗುತ್ತಿತ್ತು, ನಗುವೂ ಹಾಗೇ. ಗಂಟು ನಿಂತರೆ ಬೈಗುಳ ಬಾಕಿ ಇದೆಯೆಂದು ಅರ್ಥ. ಸಡಿಲವಾಯಿತೋ, ಅಪ್ಪ ಫಕ್ಕನೆ ನಕ್ಕು ಗುಂಡುಸೂಜಿಯೆಲ್ಲ ನೆಲದ ಪಾಲು. ಮಕ್ಕಳ ಬರಿಗಾಲಿಗೆ ಚುಚ್ಚಿಯಾವೆಂದು ಅಪ್ಪನಿಗೆ ದಿಗಿಲು. ಇವನು ಅಯಸ್ಕಾಂತ ಹಿಡಿದು ಮೇಜಿನಡಿ ತೆವಳುತ್ತಿದ್ದ. ಜೀವನದಲ್ಲಿ ಮೊದಲು ಅನುಕರಣೆ ಮಾಡಿದ್ದು ಆ ಮೇಜಿನಡಿಯಿಂದಲೇ, ಒಂದು ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿ. ಅಕ್ಕ ನೋಡಿ, ಕೈಯಲ್ಲಿದ್ದ ಗುಂಡಿ ಡಬ್ಬ ಬೀಳಿಸಿದ್ದಳು.

ಅಪ್ಪನ ಫೋಟೋ ಅಂತ ಇರುವುದು ಒಂದೇ. ಅದನ್ನು ತೆಗೆದ ಸ್ಟುಡಿಯೋದವನ ಸೂಟು ಹೊಲಿದದ್ದು ಅಪ್ಪನೇ. ಆ ಅಭಿಮಾನಕ್ಕೆ ಅವನು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲು ಆಡಿಸಿ ಹಣೆಯ ಗೆರೆಗಳನ್ನೆಲ್ಲ ತುಂಬಿಬಿಟ್ಟಿದ್ದ. ಟಚಿಂಗ್ ಎನ್ನುತ್ತಿದ್ದರು ಆಗ. ಫೋಟೋದಲ್ಲಿರುವುದು ನುಣ್ಣನೆ ಹಣೆಯ, ತುಟಿ ಖಾಲಿಯಾದ, ಯಾರೋ ಬ್ಯಾಂಕಿನ ಮ್ಯಾನೇಜರು. ಅಕ್ಕ ಅದನ್ನು ಗೋಡೆಗೆ ಹಾಕಿಯೇ ಇಲ್ಲ. ಪರಪುರುಷನನ್ನು ಮನೆಯಲ್ಲಿ ತೂಗುಹಾಕಲೇನೋ ಎಂದು ಕೇಳುತ್ತಾಳೆ. ಹಾಗಾಗಿ ಈಗ ಅಪ್ಪನ ಹಣೆ ಎಲ್ಲಾದರೂ ಉಳಿದಿದ್ದರೆ ಅದು ಇವನ ಮುಖದ ಮೇಲೆ. ಅಪ್ಪ ಹೋದಾಗ ಅಪ್ಪನಿಗೂ ಇವನ ಈಗಿನ ವಯಸ್ಸೇ, ನಲವತ್ತೊಂಬತ್ತು.

ಫೋನು ಅಲುಗಿತು. ಅಕ್ಕ, ವಿಡಿಯೋದಲ್ಲಿ. ಅಕ್ಕ ಯಾವಾಗಲೂ ವಿಡಿಯೋದಲ್ಲೇ. ಎತ್ತಬೇಡ ಎಂದು ಒಂದು ಮನಸ್ಸು ಹೇಳುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು.

"ಪುಟ್ಟಾ, ಎಲ್ಲಿದೀಯೋ? ಹಣೆ ಮೇಲೇನದು ಬಿಳಿ?"

"ಸೀಮೆಸುಣ್ಣ. ಕ್ಲಾಸಿತ್ತು."

"ಹಣೆ ಮೇಲೆ ಬರ್ಕೊಂಡು ಪಾಠ ಮಾಡ್ತೀಯಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಕಿಟಕಿಗೆ ಪರದೆ ಹೊಲಿಯಲು ಕೂತಿದ್ದಳು. ಅಪ್ಪನ ಮಿಷನ್ನು ಈಗ ಅವಳ ಮನೆಯಲ್ಲಿದೆ. ಹಸಿರು ಬಟ್ಟೆಯೊಂದನ್ನು ಕ್ಯಾಮೆರಾದ ಮುಂದೆ ಹರವಿ ಹಿಡಿದಳು. "ಅಪ್ಪನ್ನ ಮಾಡು. ಈ ಬಣ್ಣ ಆಗತ್ತಾ ಕೇಳ್ಬೇಕು."

ವಾರಕ್ಕೊಂದು ಸಲವಾದರೂ ಇದು ಇದ್ದದ್ದೇ. ಬಾಡಿಗೆದಾರನಿಂದ ಹಿಡಿದು ಬಕೆಟ್ಟಿನವರೆಗೆ ಅಕ್ಕ ಅಪ್ಪನನ್ನು ಕೇಳದೆ ಏನನ್ನೂ ಮಾಡುವವಳಲ್ಲ. ಅವನು ಅತ್ತಿತ್ತ ನೋಡಿದ. ಎದುರಿನ ಕುರ್ಚಿಯ ಹೆಂಗಸು ಪತ್ರಿಕೆಯಲ್ಲಿ ಮುಳುಗಿದ್ದಳು. ಹಸಿರು ಚೆನ್ನಾಗಿಯೇ ಇತ್ತು. ಹೂಂ ಎನ್ನಿಸೋಣವೆಂದು ಹುಬ್ಬೆತ್ತಿದ. ಎತ್ತಿದೆ ಎಂದುಕೊಂಡ. ಹಣೆ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬೇರೆ ಯಾರದೋ ತಲೆಗೆ ಟೋಪಿ ಇಟ್ಟ ಹಾಗೆ.

ಅಕ್ಕ ಕಣ್ಣು ಕಿರಿದು ಮಾಡಿ ತೆರೆಯ ಹತ್ತಿರ ಬಂದಳು. ಅವಳ ಮುಖದಲ್ಲಿ ಅಂಗಡಿಯ ಹುಡುಗಿ ಕಾಣಿಸಿಕೊಂಡಳು.

"ಬೇಡ ಅಂತಾ? ನಂಗೂ ಹಾಗೇ ಅನ್ನಿಸ್ತು ಅಪ್ಪ. ಕಣ್ಣಿಗೆ ಹೊಡಿಯುತ್ತೆ." ಬಟ್ಟೆ ಮಡಿಸತೊಡಗಿದಳು.

"ನಾನು ಹೂಂ ಅಂದೆ ಅಕ್ಕ."

"ನೀನ್ ಅಂದಿರ್ಬಹುದು."

ತೆರೆಯ ಮೂಲೆಯ ಪುಟ್ಟ ಚೌಕದಲ್ಲಿ ಒಂದು ಮುಖವಿತ್ತು. ಹುಬ್ಬುಗಳ ನಡುವೆ ಎರಡು ಗೆರೆ ಗಟ್ಟಿಯಾಗಿ ನಿಂತಿದ್ದವು. ಅವುಗಳ ಅಕ್ಕಪಕ್ಕ, ಇಲ್ಲಿ ಕತ್ತರಿಸುವುದು ಎಂಬಂತೆ ಬಿಳಿಯ ಚುಕ್ಕೆಗಳು.

ಹೇಳಿಬಿಡಬೇಕೆನಿಸಿತು. ಅನುಮಾನದ ಗಿರಾಕಿಯ ಧ್ವನಿ ತಪ್ಪಿಸಿ, ಪ್ರಿನ್ಸಿಪಾಲರನ್ನು ತಪ್ಪಿಸಿ, ಸುತ್ತಿ ಬಳಸಿ ಬಂದ.

"ಅಕ್ಕ, ಒಂದ್ವೇಳೆ ನಂಗೆ ಅಪ್ಪನ್ನ ಮಾಡಕ್ಕೆ ಬರ್ದೇ ಹೋದ್ರೆ?"

ಅವಳು ದಾರ ಹಲ್ಲಲ್ಲಿ ಕಡಿದು ನಕ್ಕಳು.

"ನೀನೀಗ ಮಾಡೋದೇನಿದ್ಯೋ ಪುಟ್ಟಾ. ಸುಮ್ನೆ ಫೋನ್ ಎತ್ತಿದ್ರೆ ಸಾಕು, ಕೂತಿರ್ತಾರೆ. ನೀನು ಬಾಯಿ ಬಿಟ್ರೇನೇ ಹೊರಟುಹೋಗೋದು."

ಪ್ರೀತಿಯಿಂದಲೇ ಹೇಳಿದಳು. ಇನ್ನೊಂದು ಬಟ್ಟೆ ತೋರಿಸುತ್ತೇನೆ, ಮಿಷನ್ನಿಗೆ ಎಣ್ಣೆ ಬಿಟ್ಟು ಮತ್ತೆ ಮಾಡುತ್ತೇನೆ ಎಂದು ಇಟ್ಟಳು. ತೆರೆ ಕಪ್ಪಾಯಿತು. ಕಪ್ಪಿನಲ್ಲಿ ಮುಖದ ಗೆರೆಗಳು ಕಾಣಲಿಲ್ಲ, ಚುಕ್ಕೆಗಳು ಮಾತ್ರ ಕಂಡವು.

ಇಷ್ಟು ವರ್ಷ ಆ ಫೋನುಗಳು ತನಗೆ ಬರುತ್ತಿವೆ ಎಂದುಕೊಂಡಿದ್ದ. ಚುಚ್ಚಿಸಿಕೊಂಡರೆ ಅಕ್ಕ ಎರಡನೆಯ ಸಲ ತಂದೆಯಿಲ್ಲದವಳಾಗುತ್ತಾಳೆ. ಚುಚ್ಚಿಸಿಕೊಳ್ಳದಿದ್ದರೆ ಮುಂದಿನ ವಾರ ಯಾರೋ ಹುಡುಗ ಅವನ ಧ್ವನಿಯಲ್ಲಿ ನಗುನಗುತ್ತ ಸಾವಿನ ವಿಷಯ ಎತ್ತುತ್ತಾನೆ. ಎರಡರಲ್ಲೂ ತಾನೆಲ್ಲಿ ಎಂದು ಹುಡುಕಿದ. ಮೇಜಿನಡಿ, ಅಯಸ್ಕಾಂತ ಹಿಡಿದು ತೆವಳುತ್ತಿದ್ದ ಒಂದು ಮಗು ಸಿಕ್ಕಿತು. ಅದರ ಮುಖ ಮೇಜಿನ ನೆರಳಲ್ಲಿತ್ತು.

"ಬನ್ನಿ," ಎಂದು ನರ್ಸು ಕರೆದಳು.

ಕುರ್ಚಿ ಹಿಂದಕ್ಕೆ ಬಾಗಿತು. ದೀಪವನ್ನು ಹಣೆಯ ಹತ್ತಿರಕ್ಕೆ ಎಳೆದರು. ಸೂಜಿ ಅವನು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು; ಅಪ್ಪ ಇದರಲ್ಲಿ ಗುಂಡಿಯನ್ನೂ ಹಾಕುತ್ತಿರಲಿಲ್ಲ.

"ಸಡಿಲ ಬಿಡಿ," ಎಂದರು ಡಾಕ್ಟರು. ಸೂಜಿ ಎತ್ತಿಕೊಂಡು, "ಇರ್ಲಿ. ಶುರು ಮಾಡ್ಲಾ?"

ಅವನಿಗೆ ಹೇಳುವುದಿತ್ತು. ಅಪರೂಪಕ್ಕೆ, ಯಾರ ಧ್ವನಿಯಲ್ಲೂ ಅಲ್ಲದ್ದು. ಬಾಯಿ ತೆರೆಯಲು ಹೋದ. ತುಟಿಗಳು ತೆರೆಯಲಿಲ್ಲ. ಬಿಗಿಯಾಗಿ, ಒಂದು ಬದಿಗೆ ತುಸು ಓರೆಯಾಗಿ, ಸಾಲಾಗಿ ಏನನ್ನೋ ಕಚ್ಚಿ ಹಿಡಿದಂತೆ ಮುಚ್ಚಿಕೊಂಡಿದ್ದವು. ಬಿಟ್ಟರೆ ಎಲ್ಲ ನೆಲಕ್ಕೆ ಚೆಲ್ಲುತ್ತವೆ. ಕೆಳಗೆ ಮಗು ಇದೆ, ಬರಿಗಾಲು.

ಹಣೆಯಿಂದಲೇ ಉತ್ತರ ಕೊಟ್ಟ. ಮೇಲೆ ಏನಾದರೂ ಅಲುಗಿತೋ ಇಲ್ಲವೋ, ಒಂದು ಸುಳಿವೂ ಸಿಗಲಿಲ್ಲ.

ಡಾಕ್ಟರು ಬಾಗಿ, ಅಕ್ಕ ಓದುತ್ತಿದ್ದ ಹಾಗೆಯೇ ಕಣ್ಣು ಕಿರಿದು ಮಾಡಿ, ಅವನ ಹಣೆಯನ್ನು ನೋಡಿದರು.

"ಗೊತ್ತಾಯ್ತು," ಎಂದರು.

ಸೂಜಿ ಹಿಡಿದ ಕೈ ಟ್ರೇ ಕಡೆ ಹೋಯಿತೋ, ತನ್ನ ಕಡೆ ಬಂತೋ, ದೀಪದ ಬೆಳಕಿಗೆ ಕಾಣಲಿಲ್ಲ. ಏನು ಗೊತ್ತಾಯಿತೆಂದು ಕೇಳುವಂತಿರಲಿಲ್ಲ. ತುಟಿಯ ತುಂಬ ಗುಂಡುಸೂಜಿ.