ಅರ್ಧ ತುಂಬಿದ ಬ್ಯಾಟರಿ

ಮಾನ್ವಿಯ ಶಿವಬಸಮ್ಮನ ಮನೆಯಲ್ಲಿ ಕೊಡವಾಗಲಿ ಗಡಿಗೆಯಾಗಲಿ ಅರ್ಧ ತುಂಬಿ ಕೂತದ್ದನ್ನು ಯಾರೂ ಕಂಡಿಲ್ಲ. ಅರ್ಧಂಬರ್ಧ ಇಟ್ಟರೆ ಮನೆಗೆ ಒಳ್ಳೆಯದಲ್ಲ ಎಂಬುದು ಅವಳ ನಂಬಿಕೆ. ಆದರೆ ಸೊಸೆ ಕಾವ್ಯಾ, ತಾನು ಓಡಿಸುವ ರಿಮೋಟ್ ಕಾರಿನ ರೇಸುಗಳು ಮುಗಿದ ಮೇಲೆ, ಅದರ ನಾಲ್ಕು ಬ್ಯಾಟರಿಗಳನ್ನು ಅರ್ಧ ಚಾರ್ಜಿನಲ್ಲೇ ಎತ್ತಿಡುವವಳು. ಹೋದ ವರ್ಷ ಅತ್ತೆ ಮನಸ್ಸು ತಡೆಯದೆ ನಾಲ್ಕನ್ನೂ ಪೂರ್ತಿ ತುಂಬಿಸಿಟ್ಟಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಎರಡು ಪೂರಿಯ ಹಾಗೆ ಉಬ್ಬಿದ್ದವು. ಕಾವ್ಯಾ ಒಂದು ಮಾತೂ ಆಡಲಿಲ್ಲ; ಅತ್ತೆಗೆ ಚುಚ್ಚಿದ್ದು ಅದೇ.

ಈ ಸಲ ಮಗ ಬಸವಪ್ರಸಾದ ಅವನ್ನು ಚಾರ್ಜಿಗೆ ಹಾಕಲು ಹೋದಾಗ ಶಿವಬಸಮ್ಮನೇ ಕೈ ಹಿಡಿದು ತಡೆದಳು.

"ಅರ್ಧಾನ ಇರ್ಲಿ ಬಿಡೋ. ತುಂಬಿಸಿಟ್ರ ಉಬ್ಬತಾವ. ರೇಸಿನ ದಿನ ಆಕಿ ತುಂಬಿಸ್ಕೊಂತಾಳ."

ಆದರೂ ಜೀವ ಕೇಳಲಿಲ್ಲ. ಬ್ಯಾಟರಿಗಳನ್ನು ಮಣ್ಣಿನ ಗಡಿಗೆಯಲ್ಲಿಟ್ಟು, ಸುತ್ತಲೂ ಒಣ ಮರಳು ಸುರಿದು, ಕಂಠಮಟ್ಟ ತುಂಬಿಸಿದಳು.

"ಗಡಿಗಿಯಾದ್ರೂ ತುಂಬಿರ್ಲಿ" ಎಂದಳು, ಸೊಸೆಯ ಮುಖ ನೋಡದೆ.

ಬ್ಯಾಟರಿಗಳನ್ನಿಡಲು ಬೆಂಕಿ ತಡೆಯುವ ಚೀಲ ತರಿಸಲೆಂದು ಮೊಬೈಲ್ ಹಿಡಿದಿದ್ದ ಕಾವ್ಯಾ ಅದನ್ನು ಕೆಳಗಿಟ್ಟಳು.

"ಬ್ಯಾಟರಿಗೆ ಬೆಂಕಿ ಹತ್ತಿದ್ರ ಅದಕ್ಕ ಮರಳ ಬೇಕ್ರಿ ಅತ್ತಿ. ಇನ್ನ ಚೀಲ ಯಾಕ?"

ಶಿವಬಸಮ್ಮ ತುಂಬಿದ ಗಡಿಗೆಯ ಮೇಲೆ ಇನ್ನೊಂದು ಬೊಗಸೆ ಮರಳು ಸುರಿದಳು.