ಕೈ ಬಿಡಿಸುವ ನಕಾಶೆ

ಶೈಲಶ್ರೀಗೆ ಕಣ್ಣು ಕಾಣುವುದಿಲ್ಲ. ಹಿರೇಕೆರೂರಿನ ಸಹಕಾರಿ ಸಂಘವೊಂದರಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿತ್ತು, ಸೋಮವಾರ ಹಾಜರಾಗಬೇಕು. ಚಿಕ್ಕೇರೂರಿನಿಂದ ಬಸ್ಸಿನಲ್ಲಿ ಬರುವುದು ಕಷ್ಟವಲ್ಲ. ಕಷ್ಟವಿದ್ದದ್ದು ಬಸ್‌ಸ್ಟ್ಯಾಂಡಿನಿಂದ ಸಂಘದವರೆಗಿನ ಅರ್ಧ ಕಿಲೋಮೀಟರು. ಅವಳ ಅಪ್ಪ ಶಿದ್ಲಿಂಗಪ್ಪ ಷರತ್ತು ಹಾಕಿದ್ದ: ಶನಿವಾರದೊಳಗೆ ಒಂದು ಸಲವಾದರೂ ಅಷ್ಟು ದಾರಿ ಒಬ್ಬಳೇ ನಡೆದು ತೋರಿಸಬೇಕು. ಇಲ್ಲದಿದ್ದರೆ ಕೆಲಸವಿಲ್ಲ.

ನಾನು ಚನ್ನೇಶ, ಪಕ್ಕದ ಮನೆಯವನು, ಕಂಪ್ಯೂಟರ್ ಓದುತ್ತಿದ್ದೇನೆ. ಅವಳ ಮೊಬೈಲಿಗೆ ಒಂದು ನಕಾಶೆ ಮಾಡಿಕೊಟ್ಟೆ. ಬೆರಳು ರಸ್ತೆಯ ಗೆರೆಯ ಮೇಲಿದ್ದರೆ ಫೋನ್ ನಡುಗುತ್ತದೆ, ತಪ್ಪಿದರೆ ಸುಮ್ಮನಾಗುತ್ತದೆ. ಅವಳು ನಿಂತ ಜಾಗವನ್ನು ಮುಟ್ಟಿದರೆ ಎರಡು ಸಲ ನಡುಗುತ್ತದೆ. ತಿರುವಿಗೆ ಗಂಟೆ. ಅಂಗಡಿಗಳ ಹೆಸರನ್ನು ಬಾಯಿಬಿಟ್ಟು ಹೇಳುತ್ತದೆ.

ಗುರುವಾರ ಮೊದಲ ಪರೀಕ್ಷೆ. ಅಪ್ಪನೂ ನಾನೂ ಇಪ್ಪತ್ತು ಹೆಜ್ಜೆ ಹಿಂದೆ. ಒಬ್ಬ ಅಜ್ಜಿ ಏನನ್ನೂ ಕೇಳದೆ ಅವಳ ಕೈ ಹಿಡಿದು ದವಾಖಾನೆಗೆ ಮುಟ್ಟಿಸಿದಳು. ಶುಕ್ರವಾರ ಬೀಡಾ ಅಂಗಡಿಯವನು ಹಾನಗಲ್ ಬಸ್ಸು ಹತ್ತಿಸಿದ. ಸೀಟನ್ನೂ ಹಿಡಿದುಕೊಟ್ಟ. ನಾವು ಓಡಿಹೋಗಿ ಇಳಿಸಿಕೊಂಡೆವು.

“ನಿನ್ನ ನಕಾಶಿ ಹಾನಗಲ್ಲಿಗೂ ದಾರಿ ತೋರಸ್ತೈತೇನೋ ತಮ್ಮಾ?” ಎಂದ ಶಿದ್ಲಿಂಗಪ್ಪ.

“ನಕಾಶಿ ಬರೋಬ್ಬರಿ ಐತ್ರಿ ಕಾಕಾ. ಮಂದಿ ಭಾಳ ಒಳ್ಳೇರದಾರ, ಅದ ತ್ರಾಸ.”

“ಬ್ಯಾಡ್ರಿ ಅಂತೇನಿ,” ಎಂದಳು ಶೈಲಶ್ರೀ. “ನಾಚಬ್ಯಾಡವಾ ಅಂತ ಇನ್ನೂ ಗಟ್ಟಿ ಹಿಡೀತಾರ. ಚನ್ನೇಶಣ್ಣ, ಇದರಾಗ ಅಪ್ಪನ ದನಿ ಹಾಕು. ಅವ ಶಿಗ್ಗಾವಿ ಸಂತ್ಯಾಗ ಒದರಿದ್ರ ಬಂಕಾಪುರದ ನವಿಲು ಹಾರತಾವು.”

ಶಿದ್ಲಿಂಗಪ್ಪ ಸಂತೆಗಳಲ್ಲಿ ಉಳ್ಳಾಗಡ್ಡಿ ಮಾರುವವನು. ಮೊದಲು ಒಲ್ಲೆನೆಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೂಗಿದ. ಪರದೆಗೆ ಎರಡು ಬೆರಳು ಒತ್ತಿದರೆ ಆ ಕೂಗು ಹೊರಡುವಂತೆ ಮಾಡಿದೆ.

ಶನಿವಾರ, ಕೊನೆಯ ಅವಕಾಶ. ಬೀಡಾ ಅಂಗಡಿಯವನು ನಗುತ್ತ ಬಂದು ಕೈ ಹಿಡಿದ. ಶೈಲಶ್ರೀ ಒತ್ತಿದಳು.

“ಕೈ ಬಿಡ್ರೀ! ಆಕಿ ಕೆಲಸಕ್ಕ ಹೊಂಟಾಳ!”

“ತಪ್ಪಾತ್ರಿ ಯಜಮಾನ್ರ,” ಎಂದು ಅವನು ಫೋನಿಗೆ ಕೈ ಮುಗಿದ.

ಮುಂದಿನ ಕ್ರಾಸಿನಲ್ಲಿ ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ಶೈಲಶ್ರೀ ಅದನ್ನು ಕೇಳಿಸಿಕೊಂಡು ರಸ್ತೆಯ ಅಂಚಿನಲ್ಲೇ ನಿಂತಿದ್ದಳು. ನಾನು ಪಕ್ಕಕ್ಕೆ ನೋಡಿದರೆ ಶಿದ್ಲಿಂಗಪ್ಪ ಇಲ್ಲ. ಓಡಿಹೋಗಿ ಮಗಳ ರಟ್ಟೆ ಹಿಡಿದಿದ್ದ.

“ಕೈ ಬಿಡ್ರೀ! ಆಕಿ ಕೆಲಸಕ್ಕ ಹೊಂಟಾಳ!”

ತನ್ನದೇ ದನಿಗೆ ಬೆಚ್ಚಿ ಅವನು ಕೈ ಬಿಟ್ಟ.

“ನಾನವಾ...”

“ಗೊತ್ತೈತಿ. ಉಳ್ಳಾಗಡ್ಡಿ ವಾಸನಿ ಬಂತು. ಅದಕ್ಕ ಒತ್ತಿದೆ.”

ಟ್ರ್ಯಾಕ್ಟರ್ ಹೋದ ಮೇಲೆ ಅವಳು ರಸ್ತೆ ದಾಟಿದಳು. ಗಂಟೆ ಬಾರಿಸಿತು, ಬಲಕ್ಕೆ ತಿರುಗಿದಳು. ಸಂಘದ ಮೆಟ್ಟಿಲು ಹತ್ತಿ ಹಿಂದಕ್ಕೆ ತಿರುಗಿ ನಿಂತಳು.

“ಅಪ್ಪಾ, ಇದನ್ನ ಲೆಕ್ಕಕ್ಕ ಹಿಡೀತೀಯೋ ಇಲ್ಲೋ?”

ಶಿದ್ಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

“ಸೋಮವಾರ ನಾ ಸಂತಿಗೆ ಹೊಂಟೇನಿ. ನಿನ್ನ ಹಿಂದ ಅಡ್ಡ್ಯಾಡಾಕ ನನಗ ವ್ಯಾಳ್ಯಾ ಇಲ್ಲ.”